ಮುಂದೆ ರಸ್ತೆ ಕೆಲಸ ನಡೆಯುತ್ತಿದೆ: ವಾಹನ ಓಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಕೆಲವು ವರ್ಷ ಹೆದ್ದಾರಿಗೆ ಡಾಂಬರು ಹಾಕುವ ತಂಡದ ಜೊತೆ ಬಾವುಟ ಹಿಡಿದು ನಿಂತಿದ್ದವನು. ಆ ಕೆಲಸ ಬಿಟ್ಟು ಬಹಳ ದಿನ ಆಯಿತು. ಆದರೆ ಇವತ್ತಿಗೂ ದೂರದಲ್ಲಿ ಕೋನ್‌ಗಳ ಸಾಲು ಕಂಡರೆ ಕಾಲು ತಾನಾಗಿಯೇ ಆಕ್ಸಿಲರೇಟರ್‌ನಿಂದ ಮೇಲೇಳುತ್ತದೆ. ಗೆಳೆಯರು, ನೆಂಟರು, ಹೊಸದಾಗಿ ಗಾಡಿ ಕಲಿತವರು ನನ್ನನ್ನು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಓದುವಾಗ ಒಂದು ವಿಷಯ ಮನಸ್ಸಿನಲ್ಲಿರಲಿ. ಕೋನ್‌ಗಳ ಆಚೆ ಇರುವುದು ಯಾರೋ ಒಬ್ಬರ ಕೆಲಸದ ಜಾಗ. ಅವರಿಗೂ ನಿಮ್ಮ ಗಾಡಿಗೂ ನಡುವೆ ಇರುವುದು ಒಂದು ಪ್ಲಾಸ್ಟಿಕ್ ಕೋನ್, ಮತ್ತೆ ನಿಮ್ಮ ಕಾಲ ಕೆಳಗಿನ ಬ್ರೇಕ್.

ಕಾಮಗಾರಿ ಜಾಗ ಎಲ್ಲಿಂದ ಶುರುವಾಗುತ್ತದೆ? ಯಂತ್ರಗಳು ಕಂಡಲ್ಲಿಂದಲಾ?

ಇಲ್ಲ, ಮೊದಲ ಬೋರ್ಡಿನಿಂದ. 'ಮುಂದೆ ಕಾಮಗಾರಿ' ಎಂಬ ಬೋರ್ಡು ಕಂಡ ಕ್ಷಣವೇ ನೀವು ಅದರೊಳಗೆ ಬಂದಿದ್ದೀರಿ ಎಂದುಕೊಳ್ಳಿ. ಅನೇಕ ದೇಶಗಳಲ್ಲಿ ಅದು ಕೆಂಪು ಅಂಚಿನ ತ್ರಿಕೋನ, ಒಳಗೆ ಗುದ್ದಲಿ ಹಿಡಿದ ಮನುಷ್ಯ. ಅಮೆರಿಕದಂಥ ಕಡೆ ಕಿತ್ತಳೆ ಬಣ್ಣದ, ಮೂಲೆ ಮೇಲಾಗಿ ನಿಂತ ಚೌಕ.

ಬೋರ್ಡಿನ ನಂತರ ಕೋನ್‌ಗಳು ಓರೆಯಾಗಿ ಸಾಲು ನಿಂತು ನಿಮ್ಮನ್ನು ನಿಧಾನವಾಗಿ ಪಕ್ಕದ ಲೇನಿಗೆ ತಳ್ಳುತ್ತವೆ. ಅದಾದ ಮೇಲೆ ಒಂದಷ್ಟು ದೂರ ಖಾಲಿ ಜಾಗ ಇರುತ್ತದೆ. 'ಇಲ್ಲಿ ಏನೂ ಇಲ್ಲವಲ್ಲ, ಸುಮ್ನೆ ಯಾಕೆ ಮುಚ್ಚಿದ್ದಾರೆ' ಎಂದು ಜನ ಬೈಯುವುದು ಈ ಜಾಗವನ್ನೇ. ಇದನ್ನು ಬೇಕೆಂದೇ ಖಾಲಿ ಬಿಟ್ಟಿರುತ್ತಾರೆ. ಯಾವುದಾದರೂ ಗಾಡಿ ಹಿಡಿತ ತಪ್ಪಿ ಕೋನ್ ಸಾಲನ್ನು ಮುರಿದು ಒಳಗೆ ನುಗ್ಗಿದರೆ, ಮನುಷ್ಯರನ್ನು ತಲುಪುವ ಮೊದಲೇ ಅದು ನಿಲ್ಲಲಿ ಎಂದು. ಇದರ ಆಚೆ ನಿಜವಾದ ಕೆಲಸ. ಕೊನೆಗೆ ರಸ್ತೆ ಮತ್ತೆ ಅಗಲವಾಗುವ ಭಾಗ. 'ಕಾಮಗಾರಿ ಮುಗಿಯಿತು' ಎಂಬ ಬೋರ್ಡು ದಾಟುವವರೆಗೂ ವೇಗ ಏರಿಸಬೇಡಿ.

ಎಷ್ಟು ಮೊದಲೇ ನಿಧಾನ ಮಾಡಬೇಕು? ಬ್ರೇಕ್ ಚೆನ್ನಾಗಿದ್ದರೆ ಹತ್ತಿರ ಹೋಗಿ ಹಿಡಿದರೆ ಸಾಲದಾ?

ಲೆಕ್ಕ ಹಾಕಿ ನೋಡೋಣ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಎದುರಿಗೆ ಏನೋ ಇದೆ ಎಂದು ಕಂಡು, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಆಗುತ್ತದೆ. ಅಂದರೆ ಬ್ರೇಕ್ ಮುಟ್ಟುವ ಮೊದಲೇ 33 ಮೀಟರ್ ಹೋಯಿತು. ಬ್ರೇಕ್ ಒತ್ತಿದ ಮೇಲೆ ಒಣ ರಸ್ತೆಯಲ್ಲಿ, ಒಳ್ಳೆ ಟೈರ್ ಇದ್ದರೂ, ಇನ್ನೂ ಸುಮಾರು 35 ಮೀಟರ್. ಎಲ್ಲ ಸೇರಿ 70 ಮೀಟರ್ ಹತ್ತಿರ. ಅದೇ 40ರಲ್ಲಿ ಬಂದರೆ ಸುಮಾರು 25 ಮೀಟರ್ ಸಾಕು.

ವೇಗ ಅರ್ಧ ಆದರೆ ನಿಲ್ಲುವ ದೂರ ಅರ್ಧಕ್ಕಿಂತಲೂ ಕಡಿಮೆ ಆಗುತ್ತದೆ. ಯಾಕೆಂದರೆ ಗುದ್ದುವ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ, ಇಳಿಯುತ್ತದೆ. ಈ 45 ಮೀಟರ್ ವ್ಯತ್ಯಾಸದೊಳಗೆ ಡಾಂಬರು ಹರಡುವ ಯಂತ್ರ, ಅಂದರೆ ಒಂದು ಪೇವರ್, ಒಂದು ರೋಲರ್, ಸಲಿಕೆ ಹಿಡಿದ ನಾಲ್ಕು ಜನ ಆರಾಮಾಗಿ ಹಿಡಿಸುತ್ತಾರೆ. ಬೋರ್ಡು ಕಂಡಾಗಲೇ ಕಾಲು ತೆಗೆಯಿರಿ. ಕೋನ್ ಸಾಲು ಶುರುವಾಗುವ ಹೊತ್ತಿಗೆ ಅಲ್ಲಿ ಹಾಕಿರುವ ವೇಗಕ್ಕೆ ಬಂದಿರಬೇಕು.

ಅಲ್ಲಿ ಯಾರೂ ಕೆಲಸ ಮಾಡುತ್ತಿಲ್ಲ. ಆಗಲೂ ನಿಧಾನವಾಗಿ ಹೋಗಬೇಕಾ?

ಹೌದು. ಯಾರೂ ಕಾಣುತ್ತಿಲ್ಲ ಎಂದರೆ ಯಾರೂ ಇಲ್ಲ ಎಂದು ಅರ್ಥವಲ್ಲ. ಲಾರಿಯ ಮರೆಯಲ್ಲಿ ಅಳತೆ ತೆಗೆಯುವವರು ಇರಬಹುದು, ಗುಂಡಿಯೊಳಗೆ ಪೈಪ್ ಕೂರಿಸುವವರು ಇರಬಹುದು, ಟಿಪ್ಪರ್ ಹಿಂದೆ ನಿಂತು ನೀರು ಕುಡಿಯುವವರೂ ಇರಬಹುದು.

ನಿಜವಾಗಿಯೂ ಯಾರೂ ಇಲ್ಲದಿದ್ದರೂ ರಸ್ತೆ ಮೊದಲಿನ ಹಾಗಿರುವುದಿಲ್ಲ. ಹೊಸ ಕಾಂಕ್ರೀಟ್ ಹಾಕಿದ್ದರೆ ಗಟ್ಟಿಯಾಗಲು ದಿನಗಟ್ಟಲೆ ಬೇಕು. ಅಲ್ಲಿಯವರೆಗೆ ಲೇನ್ ಮುಚ್ಚಿಯೇ ಇರಬೇಕು. ಹಳೆ ಡಾಂಬರು ಕೆತ್ತಿ ತೆಗೆದ ಕಡೆ ಒಂದು ಲೇನಿಗೂ ಇನ್ನೊಂದಕ್ಕೂ ಮೆಟ್ಟಿಲಿನ ಹಾಗೆ ಎತ್ತರ ತಗ್ಗು ಇರುತ್ತದೆ. ರಸ್ತೆ ಬದಿಯ ಅಂಚು ಇರುವುದಿಲ್ಲ. ತಪ್ಪು ಮಾಡಿದರೆ ಪಕ್ಕಕ್ಕೆ ಇಳಿಸಿ ಸರಿ ಮಾಡಿಕೊಳ್ಳುವಷ್ಟು ಜಾಗವೇ ಉಳಿದಿರುವುದಿಲ್ಲ.

ನಾನು ನಿಧಾನ ಹೋದರೆ ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಏನು ಮಾಡಲಿ?

ಹೊಡೆಯಲಿ ಬಿಡಿ. ಅವರ ಒತ್ತಡಕ್ಕೆ ವೇಗ ಏರಿಸಬೇಡಿ. ಅವರಿಗೆ ಪಾಠ ಕಲಿಸಲು ಥಟ್ಟನೆ ಬ್ರೇಕ್ ಕೂಡ ಹಾಕಬೇಡಿ. ಮುಂದಿನ ಗಾಡಿಗೂ ನಿಮಗೂ ಅಂತರ ಇನ್ನಷ್ಟು ಜಾಸ್ತಿ ಇಟ್ಟುಕೊಳ್ಳಿ. ಆಗ ನೀವು ಬ್ರೇಕನ್ನು ಮೆಲ್ಲಗೆ ಒತ್ತಿದರೆ ಸಾಕಾಗುತ್ತದೆ, ಹಿಂದಿನವರಿಗೂ ಸಮಯ ಸಿಗುತ್ತದೆ. ಬೋರ್ಡಿನಲ್ಲಿ ಬರೆದ ವೇಗದಲ್ಲಿ ಹೋಗುವವರು ಯಾರಿಗೂ ಅಡ್ಡಿ ಮಾಡುತ್ತಿಲ್ಲ.

ಸ್ವಲ್ಪ ಜೋರಾಗಿ ಹೋದರೆ ನಿಜವಾಗಿ ಎಷ್ಟು ಸಮಯ ಉಳಿಯುತ್ತದೆ?

ಎರಡು ಕಿಲೋಮೀಟರ್ ಉದ್ದದ ಕಾಮಗಾರಿ ಎಂದುಕೊಳ್ಳಿ. 40ರಲ್ಲಿ ಹೋದರೆ 3 ನಿಮಿಷ. 60ರಲ್ಲಿ ಹೋದರೆ 2 ನಿಮಿಷ. ಉಳಿದದ್ದು ಒಂದು ನಿಮಿಷ. ಮುಂದಿನ ಸಿಗ್ನಲ್ಲಿನಲ್ಲಿ ಆ ನಿಮಿಷವೂ ಹೋಗುತ್ತದೆ. ಸರಾಸರಿ ವೇಗ ಶೇಕಡಾ 1ರಷ್ಟು ಏರಿದರೆ ಸಾವಿನ ಅಪಘಾತದ ಸಾಧ್ಯತೆ ಶೇಕಡಾ 4ರಷ್ಟು ಏರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಒಂದು ನಿಮಿಷಕ್ಕೆ ಇದು ತೀರಾ ದುಬಾರಿ.

ಒಂದು ಲೇನ್ ಮುಚ್ಚಿದೆ. ಮೊದಲೇ ಪಕ್ಕದ ಲೇನಿಗೆ ಸೇರಬೇಕಾ, ಕೊನೆಯವರೆಗೆ ಹೋಗಿ ಸೇರಬೇಕಾ?

ಇದಕ್ಕೆ ಜನ ಜಗಳವನ್ನೇ ಆಡುತ್ತಾರೆ. ಉತ್ತರ ಟ್ರಾಫಿಕ್ ಹೇಗಿದೆ ಎನ್ನುವುದರ ಮೇಲೆ ನಿಂತಿದೆ.

ಗಾಡಿಗಳು ಕಡಿಮೆ ಇದ್ದು, ಎಲ್ಲರೂ ವೇಗವಾಗಿ ಹೋಗುತ್ತಿದ್ದರೆ ಮೊದಲೇ ಸೇರಿಕೊಳ್ಳಿ. ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಜಾಗ ಕಂಡ ಕೂಡಲೇ ಬದಲಾಯಿಸಿ. ಕೊನೆಯ ಕೋನ್ ಹತ್ತಿರ ಬಂದು ನುಗ್ಗುವುದು ಇಲ್ಲಿ ಅಪಾಯ.

ಗಾಡಿಗಳು ತುಂಬಿ ತೆವಳುತ್ತಿದ್ದರೆ ಕಥೆ ಬೇರೆ. ಆಗ ಎರಡೂ ಲೇನ್ ತುಂಬಿಸಿಕೊಂಡು ಕೊನೆಯವರೆಗೆ ಹೋಗಿ, ಸೇರುವ ಜಾಗದಲ್ಲಿ ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು ಗಾಡಿ ಬಿಡುವುದು ಒಳ್ಳೆಯದು. ಬ್ಯಾಗಿನ ಜಿಪ್ ಎಳೆದಾಗ ಹಲ್ಲುಗಳು ಒಂದಾದ ಮೇಲೆ ಒಂದು ಕೂಡಿಕೊಳ್ಳುತ್ತವಲ್ಲ, ಹಾಗೆ. ಜರ್ಮನಿಯಲ್ಲಿ ಇದು ಸಂಚಾರ ಕಾನೂನಿನಲ್ಲೇ ಇದೆ. ಸಾಲು ಗಿಡ್ಡವಾಗುತ್ತದೆ, ಎರಡು ಲೇನಿನ ವೇಗ ಒಂದೇ ಆಗುತ್ತದೆ, ಸಿಟ್ಟೂ ಕಡಿಮೆ. ಕೊನೆಯಲ್ಲಿ ಬಂದವರು ಮೋಸ ಮಾಡುತ್ತಿದ್ದಾರೆ ಎಂದು ಗಾಡಿ ಅಡ್ಡ ಹಾಕಬೇಡಿ. ಒಬ್ಬರಿಗೆ ಜಾಗ ಬಿಡಿ. ಒಬ್ಬರಿಗೆ ಸಾಕು. ಆದರೆ ಮುಚ್ಚಿದ ಲೇನಿನೊಳಗೆ, ಕೋನ್‌ಗಳ ನಡುವೆ ತೂರಿ ಹೋಗುವುದು ಯಾವ ಲೆಕ್ಕದಲ್ಲೂ ಸರಿಯಲ್ಲ.

ಬಾವುಟ ಹಿಡಿದವರು ಒಂದು ಹೇಳುತ್ತಾರೆ, ಬೋರ್ಡು ಇನ್ನೊಂದು ಹೇಳುತ್ತದೆ. ಯಾರ ಮಾತು ಕೇಳಲಿ?

ಬಾವುಟ ಹಿಡಿದವರ ಮಾತು. ಬೋರ್ಡು ಬೆಳಿಗ್ಗೆ ಇಟ್ಟದ್ದು. ಅವರು ಈಗ ನೋಡುತ್ತಿದ್ದಾರೆ. ಟಿಪ್ಪರ್ ಹಿಂದಕ್ಕೆ ಬರುತ್ತಿದೆಯೋ, ಆ ತುದಿಯಿಂದ ಗಾಡಿ ಬಿಟ್ಟಿದ್ದಾರೋ ಅವರಿಗೆ ಗೊತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ನಾನೇ ನಿಂತ ಜಾಗ. ಎರಡೂ ದಿಕ್ಕಿನ ಗಾಡಿಗಳಿಗೆ ಒಂದೇ ಲೇನ್ ಉಳಿದಾಗ ಈ ತುದಿಯಲ್ಲಿ ಒಬ್ಬರು, ಆ ತುದಿಯಲ್ಲಿ ಒಬ್ಬರು ನಿಲ್ಲುತ್ತಾರೆ. ಇಬ್ಬರಿಗೂ ಒಬ್ಬರನ್ನೊಬ್ಬರು ಕಾಣದಿದ್ದರೆ ವಾಕಿಟಾಕಿಯಲ್ಲಿ ಮಾತು. ವಾಕಿಟಾಕಿ ಇಲ್ಲದ ಕಡೆ, ಸಾಲಿನ ಕೊನೆಯ ಗಾಡಿಯವರ ಕೈಗೆ ಒಂದು ಗುರುತು ಕೊಟ್ಟು ಕಳಿಸುತ್ತೇವೆ. ಅದು ಆ ತುದಿ ತಲುಪಿದ ಮೇಲೆಯೇ ಅಲ್ಲಿಂದ ಗಾಡಿ ಬಿಡುತ್ತಾರೆ. ನಡುವೆ ಒಬ್ಬರು 'ನಾನೊಬ್ಬ ಹೋಗಿಬಿಡುತ್ತೇನೆ' ಎಂದು ನುಗ್ಗಿದರೆ ಈ ಲೆಕ್ಕ ಪೂರ್ತಿ ಕೆಡುತ್ತದೆ. ಎದುರಿನಿಂದ ಬರುವವರಿಗೆ ಅದು ಗೊತ್ತೇ ಇರುವುದಿಲ್ಲ. ಇಬ್ಬರೂ ತಪ್ಪಿಸಿಕೊಳ್ಳಲು ತಿರುಗಿಸುವುದು ಎಲ್ಲಿಗೆ? ಕೆಲಸ ಮಾಡುವವರ ಕಡೆಗೆ.

ಬಾವುಟ ಹಿಡಿದು ನಿಂತಾಗ ನಾನು ಕಣ್ಣಿಗಿಂತ ಮೊದಲು ಕಿವಿಯನ್ನು ನಂಬುತ್ತಿದ್ದೆ. ಬರುವ ಗಾಡಿಯ ಇಂಜಿನ್ ಸದ್ದು ಇಳಿಯಿತು ಎಂದರೆ ಅವರು ನನ್ನನ್ನು ನೋಡಿದ್ದಾರೆ. ಸದ್ದು ಹಾಗೇ ಇದ್ದರೆ ಒಂದು ಹೆಜ್ಜೆ ಹಿಂದೆ ಇಡುತ್ತಿದ್ದೆ. ಒಂದು ಸಂಜೆ ಒಂದು ಕಾರಿನ ಸದ್ದು ಇಳಿಯಲೇ ಇಲ್ಲ. ನಾನು ಪಕ್ಕದ ಚರಂಡಿಗೆ ಹಾರಿದೆ. ಕಾರು ಮೂರು ಕೋನ್ ಉರುಳಿಸಿಕೊಂಡು ಹೋಗಿ ನಿಂತಿತು. ಓಡಿಸುತ್ತಿದ್ದ ಹುಡುಗನ ಕೈ ನಡುಗುತ್ತಿತ್ತು. 'ಅಣ್ಣ, ನೋಡಲೇ ಇಲ್ಲ' ಎಂದ. ನಾನು ಕೆಂಪು ಬಾವುಟ ಹಿಡಿದು ನಿಂತಿದ್ದೆ. ಅವನು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ನೋಡಿರಲಿಲ್ಲ. ಅದಕ್ಕೇ ಕೇಳಿಕೊಳ್ಳುತ್ತೇನೆ: ಬಾವುಟ ಹಿಡಿದವರನ್ನು ಕಂಡಾಗ ಬೇಗ ನಿಧಾನ ಮಾಡಿ, ಸಾಧ್ಯವಾದರೆ ಕಣ್ಣಿಗೆ ಕಣ್ಣು ಕೊಡಿ. ನೀವು ನೋಡಿದ್ದೀರಿ ಎಂದು ಅವರಿಗೆ ಗೊತ್ತಾಗಲಿ.

ಕಾಮಗಾರಿ ಜಾಗದಲ್ಲಿ ಜಾಸ್ತಿ ಆಗುವ ಅಪಘಾತ ಯಾವುದು?

ಹಿಂದಿನಿಂದ ಗುದ್ದುವುದು. ಮುಂದೆ ಸಾಲು ನಿಂತಿದೆ, ಹಿಂದೆ ಬರುವವರು ಅದನ್ನು ತಡವಾಗಿ ನೋಡುತ್ತಾರೆ. ನಿಂತ ಸಾಲಿನ ಕೊನೆಯ ಗಾಡಿ ಇರುವ ಜಾಗವೇ ದೊಡ್ಡ ಅಪಾಯದ ಜಾಗ. ಅದು ತಿರುವಿನ ಆಚೆಯೋ ಏರಿನ ಆಚೆಯೋ ಇದ್ದರಂತೂ ಕೇಳುವುದೇ ಬೇಡ.

ನೀವು ಆ ಕೊನೆಯ ಗಾಡಿಯಾದರೆ ಹಜಾರ್ಡ್ ಲೈಟ್ ಹಾಕಿ. ಮುಂದಿನ ಗಾಡಿಗೆ ಅಂಟಿಕೊಂಡು ನಿಲ್ಲಬೇಡಿ, ಅದರ ಹಿಂದಿನ ಟೈರ್‌ಗಳು ರಸ್ತೆ ಮುಟ್ಟಿರುವುದು ನಿಮಗೆ ಕಾಣುವಷ್ಟು ಜಾಗ ಬಿಡಿ. ಕಣ್ಣು ಕನ್ನಡಿಯ ಮೇಲಿರಲಿ. ನಿಮ್ಮ ಹಿಂದೆ ಎರಡು ಮೂರು ಗಾಡಿ ಬಂದು ನಿಂತ ಮೇಲೆ ಹಜಾರ್ಡ್ ಆರಿಸಬಹುದು. ಗಾಡಿಗಳು ಓಡುತ್ತಿರುವಾಗ ಮುಂದಿನ ಗಾಡಿಗೂ ನಿಮಗೂ 3 ಸೆಕೆಂಡಿನ ಅಂತರ ಇರಲಿ. ಅದು ಒಂದು ಕಂಬ ದಾಟಿದಾಗ ಎಣಿಸಲು ಶುರು ಮಾಡಿ, ಮೂರು ಎಣಿಸುವ ಮೊದಲೇ ನೀವು ಆ ಕಂಬ ತಲುಪಿದರೆ ಹತ್ತಿರ ಆಯಿತು ಎಂದೇ ಅರ್ಥ.

ಇದೆಲ್ಲ ಕಾರ್ಮಿಕರ ಸುರಕ್ಷತೆಗೆ ಮಾತ್ರ ಅಲ್ವಾ?

ಅವರಿಗಾಗಿ ಮಾಡಿದರೂ ಸಾಕು. ಆದರೆ ಕಾಮಗಾರಿ ಜಾಗದ ಅಪಘಾತಗಳಲ್ಲಿ ಸಾಯುವವರು ಹೆಚ್ಚಾಗಿ ಗಾಡಿಯಲ್ಲಿ ಕೂತವರೇ. ಅಮೆರಿಕದ ಲೆಕ್ಕದಲ್ಲಿ ಐದು ಜನರಲ್ಲಿ ಸುಮಾರು ನಾಲ್ವರು ವಾಹನ ಓಡಿಸುವವರು ಅಥವಾ ಜೊತೆಯಲ್ಲಿರುವವರು. ಸೀಟ್ ಬೆಲ್ಟ್ ಹಾಕಿಕೊಳ್ಳಿ, ಹಿಂದೆ ಕೂತವರೂ.

ಕೆಲಸ ಮಾಡುವವರು ಗಾಡಿ ಬರುವಾಗ ಪಕ್ಕಕ್ಕೆ ಸರಿಯಬಹುದಲ್ಲ?

ಈ ಪ್ರಶ್ನೆ ಕೇಳಿದಾಗ ಮನಸ್ಸಿಗೆ ನೋವಾಗುತ್ತದೆ. ಆದರೂ ಕೇಳುವವರಿಗೆ ಗೊತ್ತಿಲ್ಲದೆ ಕೇಳುತ್ತಾರೆ, ಹಾಗಾಗಿ ಹೇಳುತ್ತೇನೆ.

ಬಿಸಿ ಡಾಂಬರು ಮಿಶ್ರಣ ರಸ್ತೆಗೆ ಬೀಳುವಾಗ ಸುಮಾರು 135ರಿಂದ 160 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅದು ತಣ್ಣಗಾಗಿ ಬಿಗಿಯುವ ಮೊದಲು ಹರಡಿ, ಅಂಚು ಸರಿ ಮಾಡಿ, ರೋಲರ್ ಓಡಿಸಿ ಮುಗಿಸಬೇಕು. ನಡುವೆ ಬಿಟ್ಟರೆ ಆ ತುಂಡು ಹಾಳು. ಬೂಟಿನ ಅಟ್ಟೆಯ ಮೂಲಕ ಬಿಸಿ ಪಾದಕ್ಕೆ ಹತ್ತುತ್ತಿರುತ್ತದೆ. ಕಿವಿಯಲ್ಲಿ ಪೇವರ್ ಸದ್ದು, ರೋಲರ್ ಹಿಂದೆ ಬರುವ ಬೀಪ್ ಬೀಪ್, ಟಿಪ್ಪರ್ ಸದ್ದು. ಬೆನ್ನ ಹಿಂದೆ ನಿಮ್ಮ ಕಾರು ಬರುವುದು ಅವರಿಗೆ ಕೇಳಿಸುವುದಿಲ್ಲ. ಕಣ್ಣು ಸಲಿಕೆಯ ತುದಿಯಲ್ಲಿರುತ್ತದೆ. ಸರಿಯೋಣ ಎಂದರೆ ಇನ್ನೊಂದು ಪಕ್ಕ ರೋಲರ್ ಇರುತ್ತದೆ. ಸರಿಯಲು ಜಾಗವೇ ಇಲ್ಲದ ಮನುಷ್ಯರು ಅವರು.

ಒಂದು ದೊಡ್ಡ ಲಾರಿ ಹತ್ತಿರದಲ್ಲಿ ಜೋರಾಗಿ ಹೋದರೆ ಅದರ ಗಾಳಿಗೆ ಜಾಕೆಟ್ ಮುಖದವರೆಗೆ ಹಾರುತ್ತದೆ, ಕೋನ್ ಬೀಳುತ್ತದೆ, ಬಗ್ಗಿ ನಿಂತವರು ತತ್ತರಿಸುತ್ತಾರೆ. ಗುದ್ದಬೇಕು ಅಂತಲೇ ಇಲ್ಲ.

ರಾತ್ರಿ ಯಾಕೆ ಕೆಲಸ ಮಾಡುತ್ತಾರೆ? ರಾತ್ರಿ ನಾನು ಏನು ಗಮನಿಸಬೇಕು?

ರಾತ್ರಿ ಗಾಡಿ ಕಡಿಮೆ, ಅದಕ್ಕೆ. ಆದರೆ ಇರುವ ಗಾಡಿಗಳು ಜೋರಾಗಿ ಬರುತ್ತವೆ, ಓಡಿಸುವವರಿಗೆ ನಿದ್ದೆ, ಕೆಲವರು ಕುಡಿದಿರುತ್ತಾರೆ. ಅಲ್ಲಿ ಹಾಕಿರುವ ದೊಡ್ಡ ದೀಪಗಳು ನಿಮ್ಮ ಕಣ್ಣಿಗೆ ಹೊಡೆಯುತ್ತವೆ. ಬೆಳಕಿನಿಂದ ಆಚೆ ದಾಟಿದ ಕೂಡಲೇ ಕೆಲವು ಕ್ಷಣ ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಳ್ಳುವವರೆಗೆ ಅದೇ ನಿಧಾನದಲ್ಲಿ ಹೋಗಿ. ಹೆಡ್‌ಲೈಟ್ ಡಿಪ್ ಮಾಡಿ. ಹೈ ಬೀಮ್ ಹಾಕಿದರೆ ಎದುರು ನಿಂತವರಿಗೆ ಕಣ್ಣು ಕತ್ತಲಾಗುತ್ತದೆ, ನಿಮ್ಮ ಗಾಡಿ ಯಾವ ಕಡೆ ಬರುತ್ತಿದೆ ಎಂದೂ ತಿಳಿಯುವುದಿಲ್ಲ. ವಿಂಡ್‌ಶೀಲ್ಡ್ ಒರೆಸಿಟ್ಟುಕೊಳ್ಳಿ. ಗಾಜಿನ ಮೇಲಿನ ತೆಳು ಧೂಳು ರಾತ್ರಿ ದೀಪಕ್ಕೆ ಮಂಜಿನ ಹಾಗೆ ಹರಡಿಕೊಳ್ಳುತ್ತದೆ.

ಹೊಳೆಯುವ ಜಾಕೆಟ್ ಹಾಕಿರುತ್ತಾರಲ್ಲ, ಕಾಣಿಸಿಯೇ ಕಾಣಿಸುತ್ತಾರೆ ಅಲ್ವಾ?

ಯಾವಾಗಲೂ ಇಲ್ಲ. ಆ ಜಾಕೆಟ್‌ನಲ್ಲಿ ಎರಡು ಬೇರೆ ಬೇರೆ ಕೆಲಸ ಇದೆ. ಕಣ್ಣು ಕುಕ್ಕುವ ಕಿತ್ತಳೆ ಅಥವಾ ಹಳದಿ ಹಸಿರು ಬಟ್ಟೆ ಹಗಲಿಗೆ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಕಿರಣವನ್ನು ಅದು ಕಾಣುವ ಬಣ್ಣವಾಗಿ ಹೊರಗೆ ಬಿಡುತ್ತದೆ. ಕತ್ತಲಲ್ಲಿ ಅದು ಬರೀ ಬಟ್ಟೆ. ಬೆಳ್ಳಿ ಬಣ್ಣದ ಪಟ್ಟಿ ರಾತ್ರಿಗೆ. ಅದರಲ್ಲಿ ಸಣ್ಣ ಸಣ್ಣ ಗಾಜಿನ ಮಣಿಗಳೋ ಪಟ್ಟಕಗಳೋ ಇರುತ್ತವೆ. ನಿಮ್ಮ ದೀಪದ ಬೆಳಕನ್ನು ಬಂದ ದಾರಿಯಲ್ಲೇ ನಿಮ್ಮ ಕಣ್ಣಿಗೆ ತಿರುಗಿಸುತ್ತವೆ. ಅಂದರೆ ನಿಮ್ಮ ದೀಪ ಅವರ ಮೇಲೆ ಬಿದ್ದರೆ ಮಾತ್ರ ಹೊಳೆಯುವುದು. ತಿರುವಿನಲ್ಲಿ ದೀಪ ಬೀಳುವುದಿಲ್ಲ. ಪಟ್ಟಿಗೆ ಡಾಂಬರು, ಸಿಮೆಂಟ್ ಮೆತ್ತಿದ್ದರೆ ಹೊಳಪೇ ಇರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನ ಜಾಕೆಟ್ ಹೇಗಿರುತ್ತಿತ್ತು ಎಂದು ನನಗೆ ಗೊತ್ತು.

ರಸ್ತೆ ಮಧ್ಯೆ ಬಾಣದ ದೀಪ ಹಾಕಿಕೊಂಡು ಲಾರಿ ತೆವಳುತ್ತಿದೆ. ಓವರ್‌ಟೇಕ್ ಮಾಡಬಹುದಾ?

ಬಾಣ ತೋರಿಸಿದ ಕಡೆಯಿಂದ ಮಾತ್ರ, ಅದೂ ನಿಧಾನವಾಗಿ. ಆ ಲಾರಿಯ ಮುಂದೆ ಜನ ಇದ್ದಾರೆ ಎಂದು ತಿಳಿಯಿರಿ: ಗೆರೆ ಬಳಿಯುವವರು, ಗುಂಡಿ ಮುಚ್ಚುವವರು, ಕೋನ್ ಇಡುವವರು. ಕೆಲವು ಲಾರಿಗಳ ಹಿಂದೆ ದೊಡ್ಡ ಪೆಟ್ಟಿಗೆಯಂಥದ್ದು ಇರುತ್ತದೆ. ಯಾರಾದರೂ ಬಂದು ಗುದ್ದಿದರೆ ಅದು ತಾನು ಜಜ್ಜಿಹೋಗಿ ಹೊಡೆತವನ್ನು ನುಂಗಿಕೊಳ್ಳಲಿ ಎಂದು ಕಟ್ಟಿರುವುದು. ದಾಟಿದ ಕೂಡಲೇ ಮತ್ತೆ ಅದರ ಮುಂದಕ್ಕೆ ತಿರುಗಿಸಬೇಡಿ, ಕೆಲಸದವರೆಲ್ಲ ಹಿಂದೆ ಉಳಿಯುವವರೆಗೆ ನೇರ ಹೋಗಿ.

ಬೈಕ್, ಸ್ಕೂಟರ್ ಓಡಿಸುವವರಿಗೆ ಬೇರೆ ಏನಾದರೂ ಇದೆಯಾ?

ಬಹಳ ಇದೆ. ಕೆತ್ತಿದ ಡಾಂಬರಿನ ಮೇಲೆ ಉದ್ದುದ್ದ ಗೀರುಗಳಿರುತ್ತವೆ. ಟೈರ್ ಅದರಲ್ಲಿ ಸಿಕ್ಕಿ ಹ್ಯಾಂಡಲ್ ತಾನೇ ಆಡಿದ ಹಾಗೆ ಅನಿಸುತ್ತದೆ. ಹ್ಯಾಂಡಲ್ ಬಿಗಿಯಾಗಿ ಹಿಡಿದು ಜಗ್ಗಾಡಬೇಡಿ. ಹಿಡಿತ ಸಡಿಲವಾಗಿರಲಿ, ವೇಗ ಒಂದೇ ಸಮ ಇರಲಿ, ನೋಟ ದೂರದಲ್ಲಿರಲಿ. ಸಡಿಲ ಜಲ್ಲಿಯ ಮೇಲೆ ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಜಾರುವುದು ಖಂಡಿತ. ಗುಂಡಿಗೆ ಮುಚ್ಚಿದ ಕಬ್ಬಿಣದ ತಗಡು ಒದ್ದೆಯಾದರೆ ಸಾಬೂನಿನ ಹಾಗೆ. ಅದರ ಮೇಲೆ ಗಾಡಿ ವಾಲಿಸಬೇಡಿ, ಬ್ರೇಕ್ ಬೇಡ, ನೇರ ದಾಟಿ. ಹೊಸ ಡಾಂಬರು ಹಾಕುವ ಮೊದಲು ತೆಳ್ಳಗೆ ಚಿಮುಕಿಸುವ ಕಪ್ಪು ದ್ರವವೂ ಜಾರುತ್ತದೆ. ಲೇನುಗಳ ನಡುವಿನ ಎತ್ತರ ತಗ್ಗನ್ನು ಓರೆಯಾಗಿ ಉಜ್ಜಿಕೊಂಡು ಹತ್ತಬೇಡಿ. ಕೋನ್‌ಗಳ ಸಂದಿಯಲ್ಲಿ ನುಸುಳುವ ಆಸೆ ಬೈಕಿನವರಿಗೇ ಜಾಸ್ತಿ. ಆ ಸಂದಿಯ ಆಚೆ ಕೆಲಸದವರು ಬೆನ್ನು ತಿರುಗಿಸಿ ನಿಂತಿರುತ್ತಾರೆ.

ಲಾರಿ, ಬಸ್ ಪಕ್ಕದಲ್ಲಿದ್ದರೆ?

ಕಿರಿದಾದ ಲೇನಿನಲ್ಲಿ ಅವುಗಳ ಪಕ್ಕ ಪಕ್ಕ ಹೋಗಬೇಡಿ. ಉದ್ದದ ಗಾಡಿ ತಿರುಗುವಾಗ ಹಿಂದಿನ ಚಕ್ರ ಒಳಗಿನ ದಾರಿ ಹಿಡಿಯುತ್ತದೆ. ನಿಲ್ಲಲು ಅದಕ್ಕೆ ಕಾರಿಗಿಂತ ಜಾಸ್ತಿ ದೂರ ಬೇಕು. ಅದರ ಮುಂದೆ ಸಿಕ್ಕ ಖಾಲಿ ಜಾಗಕ್ಕೆ ನುಗ್ಗಿದರೆ, ಅದು ನಿಲ್ಲಲು ಇಟ್ಟುಕೊಂಡ ಜಾಗವನ್ನು ನೀವು ಕಿತ್ತುಕೊಂಡ ಹಾಗೆ.

ಮ್ಯಾಪ್ ನೋಡಲು ಮಾತ್ರ ಫೋನ್ ಬಳಸುತ್ತೇನೆ. ಪರವಾಗಿಲ್ಲವಾ?

ದಾರಿಯನ್ನು ಹೊರಡುವ ಮೊದಲೇ ಹಾಕಿಟ್ಟುಕೊಳ್ಳಿ, ಆಮೇಲೆ ಧ್ವನಿ ಕೇಳಿಕೊಂಡು ಹೋಗಿ. 80ರ ವೇಗದಲ್ಲಿ 5 ಸೆಕೆಂಡ್ ಫೋನ್ ನೋಡಿದರೆ 110 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆ. ಫೋನ್ ಬಳಸುತ್ತಾ ಓಡಿಸುವವರಿಗೆ ಅಪಘಾತದ ಸಾಧ್ಯತೆ ಸುಮಾರು ನಾಲ್ಕು ಪಟ್ಟು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮ್ಯಾಪ್ ಒಂದು ಕಡೆ ಹೇಳಿ, ಡೈವರ್ಷನ್ ಬೋರ್ಡು ಇನ್ನೊಂದು ಕಡೆ ತೋರಿಸಿದರೆ ಬೋರ್ಡಿನ ಕಡೆಗೇ ಹೋಗಿ. ನಾನು ಹೇಳಿದ ಆ ಹುಡುಗನ ಸೀಟಿನ ಕೆಳಗೆ ಫೋನ್ ಬಿದ್ದಿತ್ತು, ಪರದೆ ಇನ್ನೂ ಉರಿಯುತ್ತಿತ್ತು.

ಕ್ರೂಸ್ ಕಂಟ್ರೋಲ್ (ವೇಗವನ್ನು ಕಾರೇ ಹಿಡಿದಿಡುವ ವ್ಯವಸ್ಥೆ), ಲೇನ್ ಹಿಡಿಯುವ ವ್ಯವಸ್ಥೆ ಇರುವ ಕಾರು ತಾನೇ ನೋಡಿಕೊಳ್ಳುವುದಿಲ್ಲವಾ?

ಮೊದಲ ಬೋರ್ಡು ಕಂಡಾಗಲೇ ಎರಡನ್ನೂ ಆಫ್ ಮಾಡಿ. ಕಾರು ಗೆರೆ ನೋಡಿ ಓಡುತ್ತದೆ. ಕಾಮಗಾರಿಯಲ್ಲಿ ಹಳೆ ಗೆರೆ ಅರ್ಧ ಅಳಿಸಿರುತ್ತದೆ, ಪಕ್ಕದಲ್ಲಿ ಹೊಸ ಗೆರೆ ಇರುತ್ತದೆ. ಯಾವುದು ನಿಜ ಎಂದು ಅದು ತಪ್ಪು ತಿಳಿಯಬಹುದು. ಮಳೆಯ ರಾತ್ರಿಯಲ್ಲಿ ನಮ್ಮ ಕಣ್ಣಿಗೇ ಅಳಿಸಿದ ಗೆರೆ ಹೊಸದಕ್ಕಿಂತ ಜೋರಾಗಿ ಹೊಳೆಯುವುದುಂಟು. ಆಗ ಗೆರೆ ಬಿಟ್ಟು ಕೋನ್‌ಗಳನ್ನು ನೋಡಿ ಓಡಿಸಿ.

ಕೋನ್ ಬಿದ್ದಿದೆ, ಅಥವಾ ನನ್ನ ಗಾಡಿಯೇ ತಾಗಿತು. ಏನು ಮಾಡಲಿ?

ರಸ್ತೆ ಮಧ್ಯೆ ಗಾಡಿ ನಿಲ್ಲಿಸಿ ಇಳಿಯಬೇಡಿ. ಎತ್ತಿಡಲು ಹೋಗಿ ನೀವೇ ಸಿಕ್ಕಿಕೊಳ್ಳುತ್ತೀರಿ. ನಿಧಾನವಾಗಿ ಮುಂದೆ ಹೋಗಿ, ಬಾವುಟ ಹಿಡಿದವರು ಸಿಕ್ಕರೆ ಗಾಜು ಇಳಿಸಿ ಹೇಳಿ. ಯಾರೂ ಸಿಗದಿದ್ದರೆ ಕಾಮಗಾರಿ ದಾಟಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಹೆದ್ದಾರಿಯ ಸಹಾಯವಾಣಿಗೆ ಫೋನ್ ಮಾಡಿ, ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಹೇಳಿ.

ಈ ಕೋನ್‌ಗೂ ಒಂದು ಕಥೆ ಇದೆ. ಲಾಸ್ ಏಂಜಲೀಸ್‌ನಲ್ಲಿ ರಸ್ತೆಗೆ ಗೆರೆ ಬಳಿಯುವ ಕೆಲಸದಲ್ಲಿದ್ದ ಚಾರ್ಲ್ಸ್ ಸ್ಕ್ಯಾನ್ಲನ್ ಎಂಬವರು 1943ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಅದಕ್ಕೂ ಮುಂಚೆ ಇಡುತ್ತಿದ್ದ ಮರದ ಅಡ್ಡೆಗಳು ಗಾಡಿ ತಾಗಿದರೆ ಮುರಿಯುತ್ತಿದ್ದವು, ಗಾಡಿಗೂ ಪೆಟ್ಟಾಗುತ್ತಿತ್ತು. ತಾಗಿದರೆ ಬಾಗಿ ಮತ್ತೆ ನಿಲ್ಲುವಂಥದ್ದು ಬೇಕು ಎಂದು ರಸ್ತೆಯಲ್ಲಿ ದುಡಿದವರಿಗೇ ಹೊಳೆದದ್ದು. ನಮ್ಮ ತಂಡದಲ್ಲಿ ಸಂಜೆ ಕೋನ್‌ಗಳನ್ನು ಒಂದರೊಳಗೊಂದು ಜೋಡಿಸಿ ಲಾರಿಗೆ ಏರಿಸುವಾಗ ನಾನು ತಿರುಗಿಸಿ ನೋಡುತ್ತಿದ್ದೆ. ಕೆಲವದರ ಮೇಲೆ ಬೆಳಿಗ್ಗೆ ಇಲ್ಲದ ಕಪ್ಪು ಟೈರ್ ಗುರುತು ಇರುತ್ತಿತ್ತು. ಎಷ್ಟನೆಯ ಕೋನ್, ನಾವು ಎಲ್ಲಿ ನಿಂತಿದ್ದೆವು ಎಂದು ಲೆಕ್ಕ ಹಾಕಿ, ಮರುದಿನ ಆ ಜಾಗದಲ್ಲಿ ಖಾಲಿ ಜಾಗವನ್ನು ಇನ್ನಷ್ಟು ಉದ್ದ ಬಿಡುತ್ತಿದ್ದೆವು.